ಹೆಬ್ಬೆರಳಿನ ಉಳಿತಾಯ

ನನ್ನ ಬಲಗೈ ಹೆಬ್ಬೆರಳಿಗೆ ಒಂದು ಚಟವಿದೆ. ಕೆಂಪು ದೀಪ ಉರಿಯುತ್ತಿರುವ ಸ್ವಿಚ್ಚು ಕಂಡರೆ ಸಾಕು, ನನ್ನನ್ನು ಒಂದು ಮಾತೂ ಕೇಳದೆ ಹೋಗಿ ಒತ್ತಿಬಿಡುತ್ತದೆ. ಗೀಸರಿನ ಸ್ವಿಚ್ಚು, ಇಸ್ತ್ರಿಯ ಸ್ವಿಚ್ಚು, ಮಿಕ್ಸರಿನ ಸ್ವಿಚ್ಚು ಎಂಬ ಭೇದಭಾವ ಅದಕ್ಕಿಲ್ಲ. ಒಮ್ಮೆ ಅಹಮದಾಬಾದಿನ ನವರಂಗಪುರದ ಒಂದು ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಲು ನಿಂತಿದ್ದಾಗ, ನನ್ನ ಕಾಗದ ಬಂದ ಕೂಡಲೇ ಗೋಡೆಯ ಮೇಲಿದ್ದ ಸ್ವಿಚ್ಚನ್ನು ಆರಿಸಿ ಹೊರಟಿದ್ದೆ. ನನ್ನ ಹಿಂದೆ ಸಾಲಿನಲ್ಲಿದ್ದ ಕಾಲೇಜು ಹುಡುಗಿಯರು ನಕ್ಕರು. ಅಂಗಡಿಯವನು ಗುಜರಾತಿಯಲ್ಲಿ ಏನೋ ಅಂದ. ಮೂವತ್ತು ವರ್ಷ ಈ ರಾಜ್ಯದ ಅನ್ನ ತಿಂದರೂ ನನ್ನ ಗುಜರಾತಿ ತರಕಾರಿ ಕೊಳ್ಳುವಷ್ಟಕ್ಕೇ ನಿಂತಿರುವುದರಿಂದ ಅವನು ಏನೆಂದ ಎಂಬುದು ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ. ಬಹುಶಃ ತಿಳಿಯದಿದ್ದುದೇ ಒಳ್ಳೆಯದಾಯಿತು.

ಅಹಮದಾಬಾದಿನ ನಮ್ಮ ಫ್ಲ್ಯಾಟಿನಲ್ಲಿ ಗೀಸರಿನ ಸ್ವಿಚ್ಚು ಬಚ್ಚಲಮನೆಯ ಹೊರಗಿದೆ. ನೀರು ಸಿಡಿದು ಶಾಕ್ ಹೊಡೆಯಬಾರದೆಂದು ಹಾಗೆ ಮಾಡುತ್ತಾರಂತೆ. ನಾನು ಮಾತ್ರ ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡಿದ್ದೆ. ಒಳಗೆ ಒಬ್ಬರು ಸ್ನಾನ ಮಾಡಬೇಕು, ಹೊರಗೆ ಒಬ್ಬರು ಕಾವಲಿರಬೇಕು. ಆ ಕಾವಲುಗಾರನ ಕೆಲಸವನ್ನು ಹದಿನೆಂಟು ಚಳಿಗಾಲ ನಾನು ಶ್ರದ್ಧೆಯಿಂದ ಮಾಡಿದ್ದೇನೆ. ಸ್ವಿಚ್ಚಿನ ಬಿಳಿ ಬಣ್ಣ ನನ್ನ ಹೆಬ್ಬೆರಳು ಒತ್ತುವ ಜಾಗದಲ್ಲಿ ಸವೆದು ಕಂದಾಗಿದೆ. ಇವತ್ತು ಬೆಳಿಗ್ಗೆ ಅದನ್ನು ಒರೆಸುತ್ತಿದ್ದಾಗಲೇ ಇದೆಲ್ಲ ಬರೆಯಬೇಕೆನ್ನಿಸಿತು.

ಅಹಮದಾಬಾದಿನ ಚಳಿ ಹೇಳಿಕೊಳ್ಳುವಂಥದ್ದಲ್ಲ. ಡಿಸೆಂಬರು, ಜನವರಿ, ಎಂದರೆ ಎರಡು ತಿಂಗಳ ಆಟ. ಬೆಳಿಗ್ಗೆ ಸ್ಕೂಟರಿನವರು ಕಿವಿಗೆ ಮಫ್ಲರು ಸುತ್ತಿಕೊಂಡು ಹೋಗುತ್ತಾರೆ, ಹತ್ತು ಗಂಟೆಗೆ ಬಿಚ್ಚಿ ಡಿಕ್ಕಿಗೆ ಹಾಕುತ್ತಾರೆ. ಆದರೆ ಇಲ್ಲಿಯ ಮನೆಗಳನ್ನು ಕಟ್ಟಿರುವುದು ಬೇಸಿಗೆಗೆ ಹೆದರಿ. ನೆಲದ ಕೋಟಾ ಕಲ್ಲು ಜನವರಿಯಲ್ಲಿ ಅಂಗಾಲಿನಿಂದ ಮೊಣಕಾಲಿನವರೆಗೆ ಥಂಡಿ ಏರಿಸುತ್ತದೆ. ತಾರಸಿಯ ಟಾಕಿಯಲ್ಲಿ ಇಡೀ ರಾತ್ರಿ ಇದ್ದ ನೀರು ಬೆಳಿಗ್ಗೆ ನಲ್ಲಿಯಲ್ಲಿ ಇಳಿದಾಗ ಬೆರಳನ್ನು ಕಚ್ಚುತ್ತದೆ. ಅದೇ ಟಾಕಿ ಮೇ ತಿಂಗಳಲ್ಲಿ ನಡುಮಧ್ಯಾಹ್ನ ಕುದಿಯುವ ನೀರನ್ನು ಪುಕ್ಕಟೆಯಾಗಿ ಕೊಡುತ್ತದೆ. ಆ ನೀರನ್ನು ಡಿಸೆಂಬರಿನ ತನಕ ಹೇಗಾದರೂ ಕಾಯ್ದಿಡುವ ಉಪಾಯವಿದ್ದರೆ ಎಂದು ನಾನು ಬಹಳ ಸಲ ಯೋಚಿಸಿದ್ದುಂಟು. ಅಂಥ ಯೋಚನೆ ಮಾಡುವ ಮನುಷ್ಯನೊಂದಿಗೆ ಸಂಸಾರ ಮಾಡುವುದು ಹೇಗಿರುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ.

ನಾನು ಜಿಪುಣನೆಂದು ನೀವು ತೀರ್ಮಾನಿಸುವ ಮುಂಚೆ ಒಂದು ಮಾತು. ದುಡ್ಡಿನ ಆಸೆಗೆ ನಾನು ಇದನ್ನು ಮಾಡಿದವನಲ್ಲ. ನನ್ನ ಹೆಂಡತಿ ವಿಮಲಾ ಸೀರೆ ಕೇಳಿದರೆ ಎರಡು ಕೊಡಿಸಿದ್ದೇನೆ. ವಿಮಾ ಕಚೇರಿಯಲ್ಲಿ ನನ್ನ ನೌಕರಿ, ಎಲ್ಲಿ ಏನು ಸೋರುತ್ತಿದೆ ಎಂದು ಹುಡುಕುವುದೇ ಅಲ್ಲಿ ನನ್ನ ಕೆಲಸವಾಗಿತ್ತು. ಸುಮ್ಮನೆ ಉರಿಯುವ ದೀಪ, ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಪಂಖಾ, ಸ್ನಾನ ಮುಗಿದ ಮೇಲೂ ಕಾಯುತ್ತಿರುವ ಗೀಸರು ಕಂಡರೆ ನನಗೆ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು. ಇದನ್ನು ನಾನು ತತ್ವ ಎಂದು ಕರೆಯುತ್ತಿದ್ದೆ.

ತತ್ವದ ಮೂಲ ಹುಡುಕಿಕೊಂಡು ಹೋದರೆ ಗದಗ-ಬೆಟಗೇರಿಯ ನಮ್ಮ ಬಚ್ಚಲಿಗೆ ಹೋಗಬೇಕು. ಒಲೆಯ ಮೇಲೆ ಗಾರೆಯಲ್ಲಿ ಕೂರಿಸಿದ ತಾಮ್ರದ ಹಂಡೆ. ಕೆಳಗೆ ಉರಿ ಹಾಕಲು ಹತ್ತಿಕಟ್ಟಿಗೆ, ಶೇಂಗಾ ಸಿಪ್ಪೆ. ಶೇಂಗಾ ಸಿಪ್ಪೆ ಭಗ್ಗೆಂದು ಹತ್ತಿ ಅಷ್ಟೇ ಬೇಗ ಆರುತ್ತದೆ, ಹೀಗಾಗಿ ಒಬ್ಬರು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮುಷ್ಟಿಮುಷ್ಟಿಯಾಗಿ ತುಂಬುತ್ತಲೇ ಇರಬೇಕು. ಕೆಂಡದಲ್ಲಿ ಗೆಣಸು ಹುಗಿದಿಟ್ಟಿದ್ದರೆ ಆ ಕೆಲಸಕ್ಕೆ ನಾವು ಅಣ್ಣತಮ್ಮಂದಿರು ಜಗಳಾಡುತ್ತಿದ್ದೆವು, ಇಲ್ಲದಿದ್ದರೆ ಅವ್ವನೇ ಕೂರುತ್ತಿದ್ದಳು. ಆ ಹಂಡೆಗೊಂದು ಕಟ್ಟಳೆಯಿತ್ತು. ಒಂದು ತಂಬಿಗೆ ಬಿಸಿನೀರು ತೋಡಿಕೊಂಡವನು ಒಂದು ತಂಬಿಗೆ ತಣ್ಣೀರು ಹಂಡೆಗೆ ಸುರಿಯಬೇಕು. ಹಂಡೆ ಎಂದೂ ತೆರವಾಗಕೂಡದು, ಮುಂದಿನವರಿಗೆ ನೀರು ಇರಬೇಕು. ಎಷ್ಟು ಚೆಂದದ ಪದ್ಧತಿ ಎಂದು ನಾನು ಎಷ್ಟೋ ಜನರ ಮುಂದೆ ಹೊಗಳಿದ್ದೇನೆ.

ಮೊದಲು ಅಪ್ಪನ ಸ್ನಾನ. ಆಮೇಲೆ ದೊಡ್ಡಣ್ಣ, ಸಣ್ಣಣ್ಣ, ನಾನು, ತಂಗಿ. ಒಬ್ಬೊಬ್ಬರೂ ಹತ್ತು ತಂಬಿಗೆ ಬಿಸಿನೀರು ತೆಗೆದು ಹತ್ತು ತಂಬಿಗೆ ತಣ್ಣೀರು ಸುರಿದು ಬರುತ್ತಿದ್ದೆವು. ಅಷ್ಟರಲ್ಲಿ ಸಿಪ್ಪೆ ಮುಗಿದು ಒಲೆಯಲ್ಲಿ ಬೂದಿ ಉಳಿದಿರುತ್ತಿತ್ತು. ಎಲ್ಲರ ಕೊನೆಗೆ ಅವ್ವ. ಆ ಹೊತ್ತಿಗೆ ಹಂಡೆಯಲ್ಲಿ ಇರುತ್ತಿದ್ದದ್ದು ಎಂಥ ನೀರು ಎಂದು ಲೆಕ್ಕ ಹಾಕಲು ಗಣಿತವೇನೂ ಬೇಕಿಲ್ಲ, ಆದರೂ ನಾನು ಹಾಕಿರಲಿಲ್ಲ. ಒಂದೇ ಒಂದು ಸಲ, ಎಂಟೋ ಒಂಬತ್ತೋ ವರ್ಷದವನಿದ್ದಾಗ, ಅವಳ ತೊಯ್ದ ಕೈ ನನ್ನ ಕೆನ್ನೆಗೆ ತಾಗಿ ಬೆಚ್ಚಿಬಿದ್ದು ಕೇಳಿದ್ದೆ. "ಅವ್ವಾ, ನಿನಗ ಥಂಡಿ ಆಗಂಗಿಲ್ಲೇನು?"

"ನನಗ ಬಿಸಿ ತಡ್ಯಂಗಿಲ್ಲೋ ಅಪ್ಪಾ" ಎಂದಳು.

ಹೆಂಗಸರಿಗೆ ಬಿಸಿನೀರು ತಡೆಯುವುದಿಲ್ಲ ಎಂದು ನಾನು ಅವತ್ತು ಕಲಿತೆ. ಶಾಲೆಯಲ್ಲಿ ಕಲಿತದ್ದೆಲ್ಲ ಮರೆತುಹೋದರೂ ಇದೊಂದು ಪಾಠ ಐವತ್ತು ವರ್ಷ ನೆನಪಿನಲ್ಲಿ ಉಳಿಯಿತು.

ಮದುವೆಯಾದ ವರ್ಷವೇ ನನಗೆ ಸೂರತ್ತಿಗೆ ವರ್ಗವಾಯಿತು. ಉಧ್ನಾದಲ್ಲಿ ಮಗ್ಗದ ಕಾರ್ಖಾನೆಗಳ ನಡುವೆ ಎರಡು ಕೋಣೆಯ ಮನೆ. ಹಗಲೂ ರಾತ್ರಿ ಖಟಖಟ ಸದ್ದು. ಮೊದಲ ವಾರ ವಿಮಲಾ ಹೇಳಿದ ಒಂದು ಮಾತೂ ನನಗೆ ಕೇಳಲಿಲ್ಲ, ಆಮೇಲೆ ಅದೇ ರೂಢಿಯಾಯಿತೋ ಏನೋ. ಬಕೆಟ್ಟಿನಲ್ಲಿ ಕಾಯಿಲ್ ಇಳಿಬಿಟ್ಟು ನೀರು ಕಾಯಿಸುತ್ತಿದ್ದೆವು. ಆಫೀಸಿಗೆ ಹೋಗುವವನು ನಾನಾದ್ದರಿಂದ ಮೊದಲ ಬಕೆಟ್ಟು ನನ್ನದು. ಎರಡನೆಯ ಬಕೆಟ್ಟಿಗೆ ಕಾಯಿಲ್ ಹಾಕುವುದು ದಂಡ ಎಂದು ನಾನು ಹೇಳಿದೆನೋ, ನಾನು ಹೇಳುವ ಮುಂಚೆಯೇ ಅವಳು ಬಿಟ್ಟಳೋ, ಈಗ ನೆನಪಿಲ್ಲ. ನೆನಪಿಲ್ಲ ಎನ್ನುವುದೂ ಒಂದು ಅನುಕೂಲವೇ. ಸೂರತ್ತಿನಲ್ಲಿ ಚಳಿಯೇ ಇರುವುದಿಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಬಹುದು. ಆಮೇಲೆ ವಡೋದರಾ. ಅಲ್ಲಿ ಮಗಳು ಅನು ಹುಟ್ಟಿದಳು. ಕೂಸಿಗೆ ಎರೆಯುವ ನೀರಿಗೆಂದು ಮನೆಗೆ ಮೊದಲ ಗೀಸರು ಬಂತು. ಕೂಸು ದೊಡ್ಡದಾದ ಮೇಲೆ ಗೀಸರಿನ ಯಜಮಾನಿಕೆ ನನ್ನ ಕೈಗೆ ಬಂತು.

ಅಹಮದಾಬಾದಿಗೆ ಬಂದು ಸ್ವಂತ ಫ್ಲ್ಯಾಟು ಮಾಡಿದ ಮೇಲೆ ನನ್ನ ತತ್ವಕ್ಕೆ ರೆಕ್ಕೆ ಮೂಡಿತು. ಬಚ್ಚಲ ಬಾಗಿಲಿಗೆ ನನ್ನ ಅಕ್ಷರದಲ್ಲೇ ಒಂದು ಕಾಗದ ಅಂಟಿಸಿದೆ. ಆರು ಗಂಟೆಗೆ ಗೀಸರು ಹಾಕುವುದು, ಆರೂ ಹತ್ತಕ್ಕೆ ಆರಿಸುವುದು, ಒಬ್ಬರಿಗೆ ಒಂದು ಬಕೆಟ್ಟು, ತಲೆಸ್ನಾನ ಭಾನುವಾರ. ಅನು ಆಗ ಶಾಲೆಗೆ ಹೋಗುತ್ತಿದ್ದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲವಾದ್ದರಿಂದ ಆ ಕಾಗದ ತನಗೆ ಅನ್ವಯಿಸುವುದಿಲ್ಲ ಎಂದು ಗೀಸರು ಹಾಕಿಕೊಂಡು ಅರ್ಧ ಗಂಟೆ ಹಾಡು ಹಾಡುತ್ತ ಸ್ನಾನ ಮಾಡುತ್ತಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ಆ ಕಾಗದವನ್ನು ಓದಬಲ್ಲವರು ಇಬ್ಬರೇ. ಒಬ್ಬ ಬರೆದವನು, ಇನ್ನೊಬ್ಬಳು ಪಾಲಿಸಿದವಳು. ಗಂಡನ ಸ್ನಾನ, ಮಗಳ ಸ್ನಾನ, ಇಬ್ಬರ ಡಬ್ಬಿ, ನೆಲ ಒರೆಸುವುದು ಎಲ್ಲ ಮುಗಿಸಿ ಒಂಬತ್ತಕ್ಕೆ ವಿಮಲಾ ಸ್ನಾನಕ್ಕೆ ಹೋಗುವಾಗ ಗೀಸರಿನಲ್ಲಿ ಏನು ಉಳಿದಿರುತ್ತಿತ್ತೋ ಅದು ಅವಳ ಪಾಲಿಗೆ. ಹೊರಗೆ ಬರುವಾಗ ಬಕೆಟ್ಟನ್ನು ತಪ್ಪದೆ ತುಂಬಿಸಿಟ್ಟು ಬರುತ್ತಿದ್ದಳು. ಗೀಸರು ತಾನೇ ತುಂಬಿಕೊಳ್ಳುತ್ತದೆ, ಬಕೆಟ್ಟು ತುಂಬುವ ಅಗತ್ಯವಿಲ್ಲ ಎಂದು ನಾನು ಎಷ್ಟೋ ಸಲ ತಿಳಿಸಿ ಹೇಳಿದ್ದೇನೆ. ಅವಳೂ ಹಂಡೆಯ ಮನೆಯಿಂದ ಬಂದವಳು. ತೆರವು ಬಕೆಟ್ಟು ಬಿಟ್ಟುಬರಲು ಅವಳ ಕೈ ಒಪ್ಪುತ್ತಿರಲಿಲ್ಲ.

ಮೊಸರಿನ ಪ್ರಕರಣ ಹೇಳದಿದ್ದರೆ ನನ್ನ ಕೀರ್ತಿ ಪೂರ್ತಿಯಾಗುವುದಿಲ್ಲ. ಚಳಿಗಾಲದಲ್ಲಿ ಇಲ್ಲಿ ಹಾಲಿಗೆ ಹೆಪ್ಪು ಹತ್ತುವುದಿಲ್ಲ. ಗುಜರಾತಿಗಳಿಗೆ ಮಜ್ಜಿಗೆಯಾದರೆ ನಡೆಯುತ್ತದೆ, ನಮಗೆ ಚಮಚ ನಿಲ್ಲುವಂಥ ಮೊಸರು ಬೇಕು. ವಿಮಲಾ ಬಹಳ ಹುಡುಕಿ ಒಂದು ಜಾಗ ಕಂಡುಹಿಡಿದಿದ್ದಳು. ಟಿವಿಯ ಸೆಟ್ ಟಾಪ್ ಬಾಕ್ಸಿನ ನೆತ್ತಿ. ಟಿವಿ ಆರಿಸಿದರೂ ಅದು ಬೆಚ್ಚಗಿರುತ್ತದೆ. ಅದರ ಮೇಲೆ ಮೊಸರಿನ ಗಡಿಗೆ ಇಟ್ಟರೆ ಬೆಳಗಾಗುವುದರಲ್ಲಿ ಮೊಸರು ಗಟ್ಟಿ. ನೆರೆಮನೆಯ ಭಾನುಬೆನ್ ಬಂದು ನೋಡಿ ತಲೆದೂಗಿ ತಮ್ಮ ಮನೆಯಲ್ಲೂ ಹಾಗೇ ಮಾಡಿದರು. ಆದರೆ ಆರಿಸಿದ ಟಿವಿಯ ಡಬ್ಬಿ ಯಾಕೆ ಬೆಚ್ಚಗಿರುತ್ತದೆ ಎಂಬ ಸಂಶೋಧನೆಗೆ ನಾನು ಇಳಿದೆ. ಅದರಲ್ಲೂ ಕೆಂಪು ದೀಪವೊಂದು ಉರಿಯುತ್ತಿತ್ತು. ಅಂದಿನಿಂದ ಮಲಗುವ ಮುಂಚೆ ಅದರ ಸ್ವಿಚ್ಚನ್ನೂ ಆರಿಸತೊಡಗಿದೆ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು.  ಅವತ್ತಿನಿಂದ ವಿಮಲಾ ಗಡಿಗೆಗೆ ತನ್ನ ಉಣ್ಣೆಯ ಶಾಲು ಸುತ್ತಿ ಅಕ್ಕಿ ಡಬ್ಬಿಯಲ್ಲಿ ಹುಗಿದಿಡತೊಡಗಿದಳು. ಮೊಸರು ಸುಮಾರಾಗಿ ಆಗುತ್ತಿತ್ತು, ನನಗೂ ನಡೆಯುತ್ತಿತ್ತು. ಶಾಲು ಡಬ್ಬಿಯಲ್ಲಿರುವಾಗ ಅವಳು ಏನು ಹೊದೆಯುತ್ತಾಳೆ ಎಂಬ ಸಂಶೋಧನೆಗೆ ಮಾತ್ರ ನಾನು ಇಳಿಯಲಿಲ್ಲ.

ನಾಲ್ಕು ವರ್ಷದ ಹಿಂದೆ ಅವಳ ಬೆರಳಿನ ಗೆಣ್ಣುಗಳು ಬಾತುಕೊಂಡವು. ಚಪಾತಿ ಲಟ್ಟಿಸುವಾಗ ಲತ್ತುಗುಣಿ ಕೈಯಿಂದ ಜಾರುತ್ತಿತ್ತು. ಡಾಕ್ಟರು ನೋಡಿ ಸಂಧಿವಾತ ಎಂದರು, ಗುಳಿಗೆ ಬರೆದುಕೊಟ್ಟು, ಚಳಿಗಾಲದಲ್ಲಿ ತಣ್ಣೀರಿನಲ್ಲಿ ಕೈ ಇಡಲೇಬಾರದು ಎಂದರು. ಆಟೋದಲ್ಲಿ ಬರುವಾಗ ವಿಮಲಾ ಮದುವೆಯಾದ ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಯಂತ್ರ ಕೇಳಿದಳು.

"ಅಲ್ರಿ, ಅಡಗಿಮನಿ ಸಿಂಕಿಗೆ ಒಂದು ಸಣ್ಣ ಗೀಸರ್ ಹಾಕಸೋಣೇನು? ಭಾನುಬೆನ್ನರ ಮನ್ಯಾಗ ಅದ, ಮೂರು ಲೀಟರಿಂದು."

ನಾನು ಆಟೋದ ಗದ್ದಲದಲ್ಲೇ ಅವಳಿಗೆ ಪಾಠ ಹೇಳಿದೆ. ಸಣ್ಣ ಗೀಸರು ಎಷ್ಟು ವ್ಯಾಟು ಎಳೆಯುತ್ತದೆ, ದಿನಕ್ಕೆ ಎಷ್ಟು ಸಲ ಪಾತ್ರೆ ತೊಳೆಯುತ್ತೇವೆ, ಎರಡನ್ನೂ ಗುಣಿಸಿದರೆ ಎಷ್ಟು ಯೂನಿಟ್ಟು. "ಎರಡು ತಿಂಗಳ ಥಂಡಿಗೆ ವರ್ಷಾನಗಟ್ಲೆ ಗ್ವಾಡಿಮ್ಯಾಲೆ ಒಂದು ಮಶಿನ್ ಯಾಕ?" ಎಂದೆ. ಅವಳು "ಹೌದಲ್ಲ" ಎಂದು ರಸ್ತೆಯ ಕಡೆ ನೋಡಿದಳು. ಆದರೆ ನಾನೇನು ಕಲ್ಲುಮನಸ್ಸಿನವನಲ್ಲ. ಮರುದಿನವೇ ಪೇಟೆಗೆ ಹೋಗಿ ಗುಲಾಬಿ ಬಣ್ಣದ ರಬ್ಬರಿನ ಕೈಗವಸು ತಂದೆ. ಮೊಣಕೈವರೆಗೆ ಬರುತ್ತಿದ್ದವು. ಬಾತ ಬೆರಳುಗಳು ಅವುಗಳಲ್ಲಿ ತೂರುತ್ತಿರಲಿಲ್ಲ, ತೂರಿಸಿದರೆ ಬಿಚ್ಚಲು ಬರುತ್ತಿರಲಿಲ್ಲ. ಮೂರು ದಿನ ಹೆಣಗಾಡಿ ವಿಮಲಾ ಅವನ್ನು ಸಿಂಕಿನ ಮೇಲಿನ ಮೊಳೆಗೆ ತೂಗುಹಾಕಿದಳು. ನಾನು ಊಟ ಮಾಡುವಾಗಲೆಲ್ಲ ಅಡಿಗೆಮನೆಯಲ್ಲಿ ಅವು ಎರಡು ಕೈ ಎತ್ತಿ ಶರಣಾದಂತೆ ಕಾಣುತ್ತಿದ್ದವು. ನಾಲ್ಕು ವರ್ಷ ಅಲ್ಲೇ ಇದ್ದವು.

ಇನ್ನು ನನ್ನ ಭಾಷಣದ ವಿಷಯ. ಇಲ್ಲಿಯ ಕನ್ನಡದವರು ಸೇರಿ ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡುತ್ತೇವೆ. ನವೆಂಬರ್ ಮುಗಿಯುವ ಮುಂಚೆ ಸಭಾಗೃಹ ಯಾವ ಭಾನುವಾರ ಸಿಗುತ್ತದೋ ಅದೇ ನಮಗೆ ರಾಜ್ಯೋತ್ಸವ. ಹೋದ ಸಲದ ಹಿಂದಿನ ಸಲ ಕಾರ್ಯದರ್ಶಿಗಳು ಫೋನು ಮಾಡಿದರು. ತುಮಕೂರಿನ ಕಡೆಯವರು, ಮಾತು ಸಕ್ಕರೆ. "ಸಾರ್, ಊಟಕ್ಕೆ ಮುಂಚೆ ಹದಿನೈದು ನಿಮಿಷ ನೀವೇ ಮಾತಾಡ್ಬೇಕು. ಚಳಿಗಾಲ ಬರ್ತಿದೆ, ಮನೇಲಿ ಕರೆಂಟು ಹೇಗೆ ಉಳಿಸೋದು ಅಂತ ಹೇಳಿ. ನಿಮ್ಮಷ್ಟು ತಿಳಿದೋರು ಇನ್ಯಾರಿದಾರೆ" ಎಂದರು. ನಾನು ಉಬ್ಬಿಹೋದೆ. ಒಂದು ವಾರ ಟಿಪ್ಪಣಿ ಮಾಡಿಕೊಂಡೆ.

ಮಕ್ಕಳು ಕನ್ನಡ ಪದ್ಯಗಳನ್ನು ಗುಜರಾತಿ ಅಕ್ಷರದಲ್ಲಿ ಬರೆದುಕೊಂಡು ಬಂದು ಓದಿದ ಮೇಲೆ ನನ್ನ ಸರದಿ. ಹಿಂದಿನಿಂದ ಬಿಸಿಬೇಳೆಭಾತಿನ ವಾಸನೆ ಬರುತ್ತಿತ್ತು, ಜನ ಕುರ್ಚಿಯ ತುದಿಗೆ ಬಂದಿದ್ದರು. ಆದರೂ ನಾನು ಬಿಡಲಿಲ್ಲ. ಹಂಡೆಯ ಕಟ್ಟಳೆ ಹೇಳಿದೆ, ಮುಂದಿನವರಿಗಾಗಿ ಉಳಿಸುವುದೇ ನಮ್ಮ ಸಂಸ್ಕೃತಿ ಎಂದೆ, ಚಪ್ಪಾಳೆ ಬಿತ್ತು. ಚಪ್ಪಾಳೆ ಕೆಟ್ಟದ್ದು, ಒಂದು ಬಿದ್ದರೆ ಇನ್ನೊಂದು ಬೇಕೆನಿಸುತ್ತದೆ. "ಅಡಿಗೆಮನೆಗೆ ಬಿಸಿನೀರು ಬೇಕೆನ್ನುವುದು ಈಚಿನ ಶೋಕಿ" ಎಂದೆ. "ನನ್ನ ಶ್ರೀಮತಿ ಹದಿನೆಂಟು ವರ್ಷದಿಂದ ಈ ಊರಿನ ಚಳಿಯಲ್ಲಿ ತಣ್ಣೀರಿನಲ್ಲೇ ಎಲ್ಲ ಕೆಲಸ ಮಾಡಿದ್ದಾಳೆ. ಅವಳೇ ಇದಕ್ಕೆ ಸಾಕ್ಷಿ. ವಿಮಲಾ, ಒಂದು ಸಲ ಎದ್ದು ನಿಲ್ಲು."

ವಿಮಲಾ ಮೂರನೆಯ ಸಾಲಿನಲ್ಲಿ ಎದ್ದು ನಿಂತಳು. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಅವಳು ನಮಸ್ಕಾರ ಮಾಡಲು ಕೈ ಎತ್ತಿದಳು. ಕೈ ಕೂಡಲಿಲ್ಲ. ಬೆರಳುಗಳು ಒಂದೊಂದು ಒಂದೊಂದು ಕಡೆ ಡೊಂಕಾಗಿ, ಎರಡು ಅಂಗೈ ನಡುವೆ ಸಂದಿ ಬಿಟ್ಟುಕೊಂಡು ನಿಂತವು. ಅವಳ ಸುತ್ತ ಕೂತಿದ್ದ ಹೆಂಗಸರ ಚಪ್ಪಾಳೆ ಮೊದಲು ನಿಂತಿತು. ವೇದಿಕೆಯ ಮೇಲಿನಿಂದ ನನಗೂ ಕಂಡಿತು. ಆಗ ನನಗೆ ಅನ್ನಿಸಿದ್ದು ಇಷ್ಟೇ. ಇಷ್ಟು ಜನರ ಮುಂದೆ ಸರಿಯಾಗಿ ಕೈ ಮುಗಿಯಬಾರದೇ ಇವಳಿಗೆ. ಈ ಸಾಲನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಅದೇ.

ಊಟದ ಸಾಲಿನಲ್ಲಿ ಮೈಸೂರಿನ ಕಡೆಯ ಹಿರಿಯ ಹೆಂಗಸೊಬ್ಬರು ಅವಳ ತಟ್ಟೆಯನ್ನು ತಾವೇ ಹಿಡಿದುಕೊಂಡು, "ಏನಮ್ಮಾ ಕೈ ಹೀಗಾಗಿದೆ" ಎಂದು ಕೇಳಿದರು. ವಿಮಲಾ "ವಯಸ್ಸು ನೋಡ್ರಿ" ಎಂದು ಸೆರಗಿನೊಳಗೆ ಕೈ ಸೇರಿಸಿದಳು. ಮನೆಗೆ ಬರುವವರೆಗೂ ಅವಳ ಕೈ ಸೆರಗಿನೊಳಗೇ ಇತ್ತು. ನಾನು ಭಾಷಣ ಹೇಗಿತ್ತು ಎಂದು ಎರಡು ಸಲ ಕೇಳಿದೆ.

ಮುಂದಿನ ಭಾನುವಾರ ವಡೋದರಾದಿಂದ ಅನು ಬಂದಳು. ಅವಳೀಗ ಅಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಬರುವುದು ನನಗೆ ಗೊತ್ತಿರಲಿಲ್ಲ, ವಿಮಲಾಳ ಪೆಟ್ಟಿಗೆ ಮಾತ್ರ ತಯಾರಿತ್ತು. "ಥಂಡಿ ಕಡಿಮಿ ಆದಮ್ಯಾಲೆ ಬರ್ತೀನ್ರಿ" ಎಂದಳು. ಡಾಕ್ಟರು ಹೇಳಿದ್ದಾರಲ್ಲ, ಎರಡು ತಿಂಗಳು ಮಗಳ ಮನೆಯಲ್ಲಿ ಆರಾಮಾಗಿರಲಿ ಎಂದು ನಾನೂ ಉದಾರವಾಗಿ ಒಪ್ಪಿದೆ. ಹೊರಡುವ ಮುಂಚೆ ಬಚ್ಚಲಿಗೆ ಹೋಗಿ ಬಕೆಟ್ಟು ತುಂಬಿಸಿಟ್ಟು ಹೋದಳು.

ಜನವರಿ ಮುಗಿಯಿತು. ಫೆಬ್ರವರಿಯಲ್ಲಿ ಪಂಖಾ ಹಾಕತೊಡಗಿದೆವು. ತೊಡಗಿದೆವು ಎನ್ನುವುದು ರೂಢಿಯ ಮಾತು, ಇದ್ದವನು ನಾನೊಬ್ಬನೇ. ಹೋಳಿ ಬಂತು, ಹೋಯಿತು. ಭಾನುಬೆನ್ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ "ವಿಮಲಾಬೆನ್ ಕ್ಯಾರೆ ಆವ್ಶೆ?" ಎಂದು ಕೇಳುತ್ತಿದ್ದರು. ಯಾವಾಗ ಬರುತ್ತಾರೆ ಎನ್ನುವ ಆ ಪ್ರಶ್ನೆ ನನ್ನ ತರಕಾರಿ ಗುಜರಾತಿಗೂ ತಿಳಿಯುತ್ತಿತ್ತು. ಮೇ ತಿಂಗಳಲ್ಲಿ ಒಂದು ದಿನ ತಡೆಯಲಾಗದೆ ಫೋನು ಮಾಡಿದೆ.

"ಇಲ್ಲೆ ನಲವತ್ತಮೂರು ಡಿಗ್ರಿ ಅದ, ವಿಮಲಾ. ಇನ್ನೂ ಯಾಕ ಬರವಲ್ಲಿ?"

"ಆ ಮನ್ಯಾಗ ಥಂಡಿ ಹೋಗಿರಂಗಿಲ್ಲ ಬಿಡ್ರಿ" ಎಂದಳು. ಸಿಟ್ಟಿನ ದನಿಯಲ್ಲ. ಮಳೆ ಬರುತ್ತದೆಯೋ ಇಲ್ಲವೋ ಎಂದು ಹೇಳುವ ದನಿ.

ನಾನು ಏನು ಮಾಡಿದೆ ಗೊತ್ತೇ? ಅವಳಿಗೆ ನಂಬಿಕೆ ಬರಲಿ ಎಂದು ಗೋಡೆಯ ಥರ್ಮಾಮೀಟರಿನ ಫೋಟೋ ತೆಗೆದು ಕಳಿಸಿದೆ.  ನನ್ನ ಬುದ್ಧಿಯ ವೇಗ ಇಷ್ಟು.

ಬುದ್ಧಿ ಬಂದದ್ದು ಮತ್ತೆ ಡಿಸೆಂಬರು ಬಂದಾಗ. ವಿಮಲಾ ಹೋದ ಮೇಲೆ ಇಟ್ಟುಕೊಂಡಿದ್ದ ಕೆಲಸದವಳು ಊರಿಗೆ ಹೋಗಿದ್ದಳು. ಎರಡು ದಿನದ ಪಾತ್ರೆ ಸಿಂಕಿನಲ್ಲಿ ಬಿದ್ದಿತ್ತು. ಬೆಳಿಗ್ಗೆ ಏಳಕ್ಕೆ ತೊಳೆಯಲು ನಿಂತೆ. ಕುಕ್ಕರಿನ ತಳಕ್ಕೆ ಅನ್ನ ಹತ್ತಿಕೊಂಡಿತ್ತು. ಮೊದಲ ಪಾತ್ರೆಗೆ ನೀರು ಚುರುಕೆನ್ನಿಸಿತು. ಮೂರನೆಯದಕ್ಕೆ ಗೆಣ್ಣುಗಳು ನೋಯತೊಡಗಿದವು. ಐದನೆಯದಕ್ಕೆ ಬೆರಳುಗಳು ನನ್ನವಲ್ಲ ಅನ್ನಿಸಿ ಲೋಟ ಕೈಬಿಟ್ಟು ಬಿತ್ತು. ಎದುರಿಗೆ ಮೊಳೆಯ ಮೇಲೆ ಆ ಗುಲಾಬಿ ಕೈಗವಸುಗಳು ತೂಗುತ್ತಿದ್ದವು. ಒಂದು ಬೆಳಿಗ್ಗೆ, ಐದು ಪಾತ್ರೆ, ನೋವಿಲ್ಲದ ಆರೋಗ್ಯವಂತ ಕೈ. ಅವಳದು ಹದಿನೆಂಟು ಚಳಿಗಾಲ. ನಾನು ನಲ್ಲಿ ನಿಲ್ಲಿಸಿ ಅಲ್ಲೇ ನಿಂತುಬಿಟ್ಟೆ. ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು. ಅವ್ವನ ತಣ್ಣನೆಯ ಕೈಯೂ ನೆನಪಾಯಿತು. ಬಿಸಿ ತಡೆಯುವುದಿಲ್ಲ ಎಂದು ಅವಳು ಅಂದದ್ದು ಎಂಟು ವರ್ಷದ ಹುಡುಗನ ಸಮಾಧಾನಕ್ಕೆ. ಅದನ್ನು ಅರವತ್ತು ದಾಟಿದವನು ಇನ್ನೂ ನಂಬಿಕೊಂಡಿದ್ದ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಅವತ್ತೇ ಹೋಗಿ ಮೂರು ಲೀಟರಿನ ಗೀಸರು ತಂದೆ. ಮಧ್ಯಾಹ್ನ ಎಲೆಕ್ಟ್ರಿಶಿಯನ್ ಬಂದ. ಗೋಡೆ ಕೊರೆಯುವ ಸದ್ದಿಗೆ ಭಾನುಬೆನ್ ಬಂದು ಬಾಗಿಲಲ್ಲಿ ನಿಂತು ನೋಡಿದರು. "ಅಬ್ ಲಗಾಯಾ, ಭಾಯಿ?" ಎಂದರು. ಈಗ ಹಾಕಿಸಿದಿರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಎಲೆಕ್ಟ್ರಿಶಿಯನ್ "ಕಾಕಾ, ಸ್ವಿಚ್ ಕಹಾಂ?" ಎಂದು ಸ್ವಿಚ್ಚಿನ ಜಾಗ ಕೇಳಿದ. ನಾನು ಕೈ ತೋರಿಸಿದೆ. ತೋರಿಸಿದಲ್ಲಿ ಹಾಕಿ ಹೋದ. ಗುಲಾಬಿ ಕೈಗವಸುಗಳನ್ನು ಕಸದ ಬುಟ್ಟಿಗೆ ಹಾಕಿದೆ, ಬಚ್ಚಲ ಬಾಗಿಲಿನ ಕಾಗದ ಕಿತ್ತೆ, ಗೀಸರಿನ ಫೋಟೋ ತೆಗೆದುಕೊಂಡೆ. ಫೋನು ಮಾಡದೆ ಹೋಗಿ ಎದುರಿಗೆ ನಿಂತು ತೋರಿಸಬೇಕು, ಕರೆದುಕೊಂಡೇ ಬರಬೇಕು ಎಂದು ಸಂಕ್ರಾಂತಿ ಕಳೆದ ಭಾನುವಾರ ವಡೋದರಾದ ರೈಲು ಹತ್ತಿದೆ. ದಾರಿಯುದ್ದಕ್ಕೂ ತಂತಿಗಳ ಮೇಲೆ ಹರಿದ ಗಾಳಿಪಟಗಳು ನೇತಾಡುತ್ತಿದ್ದವು. ಏನು ಹೇಳಬೇಕು ಎಂದು ಎರಡು ತಾಸು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ.

ಅನು ಬಾಗಿಲು ತೆರೆದಳು. "ಪಪ್ಪಾ, ಫೋನ್ ತೋ ಕರನಾ ಥಾ" ಎಂದಳು, ಫೋನಾದರೂ ಮಾಡಬೇಕಿತ್ತು ಎಂಬಂತೆ. "ಅಮ್ಮ ಸ್ನಾನಕ್ಕ ಹೋಗ್ಯಾಳ. ಬೈಠೋ, ನಾ ಚಹಾ ಇಡ್ತೀನಿ."

ಅವಳು ಅಡಿಗೆಮನೆಗೆ ಹೋದಳು. ನಾನು ಕೈಕಾಲು ತೊಳೆಯೋಣವೆಂದು ಒಳಗೆ ಹೋದೆ. ಬಚ್ಚಲ ಬಾಗಿಲ ಕೆಳಗಿನ ಸಂದಿಯಿಂದ ಉಗಿ ಬರುತ್ತಿತ್ತು. ಚಂದನದ ಸಾಬೂನಿನ ವಾಸನೆ. ಒಳಗೆ ತಂಬಿಗೆಯ ಸದ್ದು, ನಿಧಾನವಾಗಿ, ಒಂದಾದ ಮೇಲೊಂದು. ವಿಮಲಾ ಇಷ್ಟು ಸಾವಕಾಶ ಸ್ನಾನ ಮಾಡುವುದನ್ನು ನಾನು ಎಂದೂ ಕೇಳಿರಲಿಲ್ಲ. ಏನೋ ಗುನುಗುತ್ತಲೂ ಇದ್ದಳು. ಅನು ಆ ಹಾಡುವ ಚಟವನ್ನು ಎಲ್ಲಿಂದ ತಂದಳು ಎಂದು ಅವತ್ತು ಗೊತ್ತಾಯಿತು.  ಬಿಸಿನೀರು ತಡೆಯದ ಹೆಂಗಸು ಉಗಿಯೊಳಗೆ ಕೂತು ಹಾಡುತ್ತಿದ್ದಾಳೆ, ಇದನ್ನು ಕೇಳಲು ನಾನು ಇನ್ನೊಬ್ಬರ ಮನೆಗೆ ಬರಬೇಕಾಯಿತು ಎಂದು ಬಹಳ ಕೆಟ್ಟದೆನ್ನಿಸಿತು. ಅಲ್ಲೇ ಸ್ವಲ್ಪ ಹೊತ್ತು ನಿಂತು, ಮುಂದಿನ ಕೋಣೆಗೆ ಹೋಗೋಣವೆಂದು ತಿರುಗಿದೆ. ಬಾಗಿಲ ಪಕ್ಕ ಸ್ವಿಚ್ಚಿತ್ತು. ಕೆಂಪು ದೀಪ ಉರಿಯುತ್ತಿತ್ತು.

ಟಕ್ ಎಂದು ಸದ್ದಾದ ಮೇಲೆಯೇ ನನಗೆ ಗೊತ್ತಾದದ್ದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ, ಇದು ಹುಟ್ಟುಗುಣವೂ ಅಲ್ಲ, ನಾನೇ ಕೈಯಾರೆ ಬೆಳೆಸಿದ್ದು. ಅನುವಿನ ಮನೆಯದು ಸಣ್ಣ ಗೀಸರು, ಆರಿಸಿದರೆ ಎರಡು ತಂಬಿಗೆಯಲ್ಲಿ ನೀರು ತಣ್ಣಗಾಗುತ್ತದೆ. ಏನಾಯಿತೆಂದು ತಿಳಿದು ಮತ್ತೆ ಒತ್ತುವಷ್ಟರಲ್ಲಿ ಒಳಗೆ ಹಾಡು ನಿಂತಿತು. ತಂಬಿಗೆಯ ಸದ್ದೂ ನಿಂತಿತು. ನಾನು ಮುಂದಿನ ಕೋಣೆಗೆ ಹೋಗಿ ಕಳ್ಳನಂತೆ ಕೂತೆ.

ವಿಮಲಾ ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬಂದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ.

"ನೀವು ಬಂದದ್ದು ನೀರಿನಾಗ ಗೊತ್ತಾತು" ಎಂದಳು.

ಅನು ಮೂರು ಕಪ್ಪು ಚಹಾ ತಂದಿಟ್ಟಳು. ವಿಮಲಾ ಬಿಸಿ ಕಪ್ಪನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತಳು. ಬೆರಳಿನ ಬಾವು ಇಳಿದಿತ್ತು. ಡೊಂಕು ಹೋಗಿರಲಿಲ್ಲ, ಆದರೆ ಕಪ್ಪಿನ ಸುತ್ತ ಸರಿಯಾಗಿ ಮಡಚಿಕೊಂಡಿದ್ದವು. ನಾನು ಬಾಯಿಪಾಠ ಮಾಡಿದ್ದೆಲ್ಲ ಮರೆತೆ. "ನಂದು ತಪ್ಪಾತು" ಎಂದೆ. "ಅಡಗಿಮನ್ಯಾಗ ಗೀಸರ್ ಹಾಕ್ಸೀನಿ. ನೋಡು." ಫೋನಿನಲ್ಲಿ ಫೋಟೋ ತೋರಿಸಿದೆ.

ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. "ಛಲೋ ಅದ" ಎಂದಳು. ನನಗೆ ಜೀವ ಬಂದಂತಾಯಿತು. ಸಂಜೆಯ ರೈಲಿಗೆ ಇಬ್ಬರೂ ಹೋಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

"ಸ್ವಿಚ್ ಕಾಣವಲ್ದು. ಎಲ್ಲೆ ಹಾಕ್ಸೀರಿ?"

 ಅನು ನನ್ನ ಮುಖ ನೋಡಿದಳು.

"ಹಾಲ್‌ನಾಗ" ಎಂದೆ.

"ಹಾಲ್‌ನಾಗ ಎಲ್ಲೆ?"

"ನನ್ನ ಕುರ್ಚಿ ಬಾಜೂಕ."

ಆಣೆ ಮಾಡಿ ಹೇಳುತ್ತೇನೆ, ಅವಳು ಕೇಳುವವರೆಗೂ ನನಗೆ ಅದು ತೋಚಿರಲಿಲ್ಲ. ಎಲೆಕ್ಟ್ರಿಶಿಯನ್ ಕೇಳಿದಾಗ ನಾನು ಕುರ್ಚಿಯಲ್ಲಿ ಕೂತಿದ್ದೆ, ಕೈ ಚಾಚಿದಲ್ಲಿ ತೋರಿಸಿದೆ, ಅಷ್ಟೇ. ಇದನ್ನು ವಿಮಲಾಗೆ ಹೇಳಲು ಬಾಯಿ ತೆರೆದೆ. ಅವಳು ಫೋನನ್ನು ನನ್ನ ಕಡೆ ಸರಿಸಿ ಕನ್ನಡಕ ತೆಗೆದಿಟ್ಟಳು.

"ಚಹಾ ಆರ್ತದ, ಕುಡೀರಿ" ಎಂದಳು.

ಸಂಜೆಯ ರೈಲಿನಲ್ಲಿ ಒಬ್ಬನೇ ಬಂದೆ. ಅದಾಗಿ ಹತ್ತು ದಿನವಾಯಿತು. ಈ ಚಳಿಗಾಲದಲ್ಲಿ ನಮ್ಮ ಮನೆಯ ಯೂನಿಟ್ಟು ಹಿಂದೆಂದೂ ಇಲ್ಲದಷ್ಟು ಇಳಿದಿದೆ. ಬಚ್ಚಲ ಸ್ವಿಚ್ಚನ್ನು ಒರೆಸಿ ಬಂದು ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೊಸ ಸ್ವಿಚ್ಚು ಪಕ್ಕದಲ್ಲೇ ಇದೆ, ಕೈ ಚಾಚಿದರೆ ಸಿಗುತ್ತದೆ. ಅದರ ದೀಪ ಉರಿಯುತ್ತಿಲ್ಲ. ಆರಿಸುವುದಕ್ಕೆ ನಾನಿದ್ದೇನೆ, ಹಾಕುವವರಿಲ್ಲ.